ಜರ್ಮನಿಗೆ ಬಂದ ನಿರಾಶ್ರಿತರಿಗೆ ಕಸುಬಿಗೆ ತಕ್ಕ ಕೆಲಸ ಕೊಡಿಸುವುದು ಹೇಗೆ?

ಜರ್ಮನಿಯಲ್ಲಿ ನಿರಾಶ್ರಿತರಿಗೆ ಕೆಲಸವೇ ಸಿಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ, ಹೋಟೆಲ್ ಕೋಣೆ ಶುಚಿ ಮಾಡುವ, ಪಾರ್ಸೆಲ್ ಹಂಚುವ ಕೆಲಸ ಒಂದಷ್ಟು ಅಲೆದರೆ ಸಿಗುತ್ತದೆ. ಸಿಗದೆ ಹೋಗುವುದು ಊರಲ್ಲಿ ಹತ್ತು ಹದಿನೈದು ವರ್ಷ ಮಾಡಿದ ಕಸುಬಿನ ಕೆಲಸ. ಅಲೆಪ್ಪೋದಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದವನು, ಕಾಬೂಲ್‌ನಲ್ಲಿ ಹೆರಿಗೆ ವಾರ್ಡ್ ನೋಡಿಕೊಳ್ಳುತ್ತಿದ್ದವಳು ಇಲ್ಲಿ ಪೊರಕೆ ಹಿಡಿದಿದ್ದರೆ, ಎಷ್ಟೋ ಸಲ ಮೊದಲ ವರ್ಷದಲ್ಲಿ ಆಗಬೇಕಿದ್ದ ಕಾಗದದ ಕೆಲಸ ಆಗಿರುವುದಿಲ್ಲ. ಭಾಷೆ ಕಲಿತ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿರುತ್ತಾರೆ. ಭಾಷೆ ಮತ್ತು ಮಾನ್ಯತೆ, ಅಂದರೆ ಊರಲ್ಲಿ ಕಲಿತ ಓದು, ಕಸುಬು ಇಲ್ಲಿನದಕ್ಕೆ ಸಮ ಎಂಬ ಅಧಿಕೃತ ಪತ್ರ, ಎರಡೂ ಒಟ್ಟಿಗೆ ಹೊರಡಬೇಕು. ಈ ಲೇಖನದ ಮುಖ್ಯ ಮಾತು ಇದೇ.

ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಇಂಥವರ ಜೊತೆ ನಿಲ್ಲಲು ಹೊರಟರೆ ಅವರಿಗೊಂದು ಅನುಕೂಲವಿದೆ. ವಿದೇಶಿ ಪದವೀಧರ ನೌಕರರಿಗೆ ಕೊಡುವ ಬ್ಲೂ ಕಾರ್ಡ್‌ಗಾಗಿ ಪದವಿ ಪರಿಶೀಲನೆ ಮಾಡಿಸಿದವರಿಗೆ, ನಿವಾಸ ಪತ್ರ ಕೊಡುವ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾದವರಿಗೆ ಈ ವ್ಯವಸ್ಥೆಯ ಒಳಹೊರಗು ಸ್ವಲ್ಪ ಗೊತ್ತಿರುತ್ತದೆ. ಆದರೆ ವೀಸಾಕ್ಕೆ ಮುಂಚೆಯೇ ಕೆಲಸ ಕೈಯಲ್ಲಿದ್ದವರ ಸಲಹೆ ನಿರಾಶ್ರಿತರಿಗೆ ಹಾಗೇ ಹೊಂದುವುದಿಲ್ಲ.

ಮೊದಲು ಆ ಒಂದು ಸಾಲು ಓದಿ

ಬಯೋಡೇಟಾ ಆಮೇಲೆ. ಮೊದಲು ಅವರ ನಿವಾಸ ಪತ್ರ ತೆಗೆಸಿ ನೋಡಿ. ಕೆಲಸದ ಬಗ್ಗೆ ಅದರಲ್ಲಿ ಒಂದು ಸಾಲು ಇರುತ್ತದೆ. ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್’ ಎಂದಿದ್ದರೆ ಯಾವ ನೌಕರಿಯಾದರೂ ಸರಿ, ಸ್ವಂತ ಉದ್ಯೋಗವಾದರೂ ಸರಿ. ಬೇರೆ ಅನುಮತಿ ಬೇಡ. ನಿರಾಶ್ರಿತರೆಂದು ಮಾನ್ಯತೆ ಪಡೆದವರ ಕಾರ್ಡಿನಲ್ಲಿ ಹೀಗಿರುತ್ತದೆ. ಅದೇ ಸಾಲಿನಲ್ಲಿ ‘ನಿಷ್ಟ್’ ಎಂಬ ಪದ ಸೇರಿದ್ದರೆ ಕೆಲಸ ಮಾಡುವಂತಿಲ್ಲ. ವಿದೇಶಿಯರ ಕಚೇರಿಯ ಅನುಮತಿ ಇದ್ದರೆ ಮಾತ್ರ ಎಂದು ಬರೆದಿದ್ದರೆ ಪ್ರತಿ ಹೊಸ ಕೆಲಸಕ್ಕೂ ಅರ್ಜಿ ಹಾಕಬೇಕು.

ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗದವರಿಗೆ ಮೊದಲ ಮೂರು ತಿಂಗಳು ಕೆಲಸ ನಿಷಿದ್ಧ. ಸರ್ಕಾರದ ಸ್ವೀಕಾರ ಕೇಂದ್ರದಲ್ಲೇ ಉಳಿದಿರುವವರಿಗೆ ಈ ಅವಧಿ ಒಂಬತ್ತು ತಿಂಗಳಿತ್ತು, 2024ರ ಫೆಬ್ರುವರಿಯಲ್ಲಿ ಆರಕ್ಕೆ ಇಳಿಯಿತು. ಈ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ಸಲಹಾ ಕೇಂದ್ರದಲ್ಲಿ ಕೇಳಿಕೊಳ್ಳಿ. ‘ಸುರಕ್ಷಿತ’ ಎಂದು ಜರ್ಮನಿ ಪಟ್ಟಿ ಮಾಡಿದ ದೇಶಗಳಿಂದ ಬಂದು 2015ರ ಆಗಸ್ಟ್ 31ರ ನಂತರ ಆಶ್ರಯ ಕೇಳಿದವರಿಗೆ ಸಾಮಾನ್ಯವಾಗಿ ಅನುಮತಿ ಇಲ್ಲ. ಇಂಥವರ ಮುಂದೆ ಕೆಲಸದ ಆಸೆ ಹುಟ್ಟಿಸುವ ಮೊದಲು ವಕೀಲರನ್ನು ಕೇಳಬೇಕು.

ಅನುಮತಿ ಬೇಕಾದವರ ವಿಷಯದಲ್ಲಿ ಮಾಲೀಕರು ಒಂದು ಫಾರಂ ತುಂಬಬೇಕು: ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು. ಸಂಬಳ ಮತ್ತು ಷರತ್ತು ಸ್ಥಳೀಯರಿಗೆ ಕೊಡುವಷ್ಟೇ ಇದೆಯೇ ಎಂದು ಉದ್ಯೋಗ ಇಲಾಖೆ ನೋಡುತ್ತದೆ. ಪೂರ್ತಿ ಮಾಹಿತಿ ಸಿಕ್ಕಿ ಎರಡು ವಾರದೊಳಗೆ ಇಲಾಖೆ ಏನೂ ಹೇಳದಿದ್ದರೆ ಅದರ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಆದರೆ ವಿದೇಶಿಯರ ಕಚೇರಿಗೆ ಇಂಥ ಗಡುವಿಲ್ಲ. ಫಾರಂನಲ್ಲಿ ‘ಮುಂದಿನ ಸೋಮವಾರದಿಂದ’ ಎಂದು ಬರೆದು, ಸೋಮವಾರ ಕಳೆದು, ಮಾಲೀಕರಿಗೆ ಬೇಸರ ಬಂದು ಕೈತಪ್ಪಿದ ಕೆಲಸಗಳಿಗೆ ಲೆಕ್ಕವಿಲ್ಲ. ಸೇರುವ ದಿನ ಕನಿಷ್ಠ ನಾಲ್ಕಾರು ವಾರ ಮುಂದಿರಲಿ. ಅನುಮತಿ ಬರುವ ಮುಂಚೆ ‘ಸುಮ್ಮನೆ ಒಂದೆರಡು ದಿನ ಬಂದು ಮಾಡಿ’ ಎಂದರೆ ಹೋಗಬಾರದು. ಮಾಲೀಕರಿಗೆ ದಂಡ ಬೀಳುತ್ತದೆ, ಇವರ ಕಡತಕ್ಕೂ ಕಪ್ಪುಚುಕ್ಕೆ.

ಕೈಗೆ ಏನು ಗೊತ್ತು, ಅದನ್ನು ಬರೆಯಿರಿ

‘ನೀವು ಏನು ಓದಿದ್ದೀರಿ?’ ಎಂದು ಕೇಳಿದರೆ ಎಷ್ಟೋ ಜನ ‘ಏನೂ ಇಲ್ಲ’ ಎನ್ನುತ್ತಾರೆ. ಅಪ್ಪನ ಅಂಗಡಿಯಲ್ಲಿ ಕಲಿತ ಕಸುಬಿಗೆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಪ್ರಶ್ನೆಯನ್ನು ಬೇರೆ ಥರ ಕೇಳಿ. ಬೆಳಗ್ಗೆ ಅಂಗಡಿ ತೆರೆದ ಮೇಲೆ ಮೊದಲು ಏನು ಮಾಡುತ್ತಿದ್ದಿರಿ? ಯಾವ ಯಂತ್ರ, ಯಾವ ಉಪಕರಣ? ನಿಮ್ಮ ಕೈಕೆಳಗೆ ಎಷ್ಟು ಜನ? ಲೆಕ್ಕ ಯಾರು ಬರೆಯುತ್ತಿದ್ದರು? ವೈರಿಂಗ್‌ನವನಾದರೆ ಸಿಂಗಲ್ ಫೇಸೇ, ತ್ರೀ ಫೇಸೇ, ಮೀಟರ್ ಬೋರ್ಡ್ ತಾನೇ ಕೂರಿಸಿದ್ದನೇ ಎಂಬಲ್ಲಿಯವರೆಗೂ ಹೋಗಬೇಕು. ಫೋನಿನಲ್ಲಿ ಹಳೆಯ ಕೆಲಸದ ಫೋಟೊಗಳಿದ್ದರೆ ಬೇರೆಯಾಗಿ ಉಳಿಸಿಡಿ. ಕುಶಲಕರ್ಮಿ ಮಾಲೀಕರ ಮುಂದೆ ಎಷ್ಟೋ ಸಲ ಅವು ಬಯೋಡೇಟಾಕ್ಕಿಂತ ಚೆನ್ನಾಗಿ ಮಾತಾಡುತ್ತವೆ.

ಊರು ಬಿಟ್ಟ ದಾರಿಯ ಕಥೆ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಂಡರೆ ಸಾಕು. ಬಯೋಡೇಟಾದಲ್ಲಿ ಆ ತಿಂಗಳುಗಳಿಗೆ ‘ಜರ್ಮನಿಗೆ ವಲಸೆ’ ಎಂಬ ಒಂದೇ ಸಾಲು, ತಿಂಗಳು ವರ್ಷ ಸಮೇತ. ಕಾರಣ ಹೇಳದ ಖಾಲಿ ಜಾಗ ಜರ್ಮನ್ ಮಾಲೀಕರಿಗೆ ಅನುಮಾನ ತರುತ್ತದೆ.

ಮಾನ್ಯತೆಯ ಅರ್ಜಿ: ಎಲ್ಲಿ, ಹೇಗೆ

ಇಲ್ಲಿ ಕಸುಬುಗಳು ಎರಡು ಬಗೆ. ವೈದ್ಯರು, ನರ್ಸ್, ಔಷಧ ತಜ್ಞರು, ಸರ್ಕಾರಿ ಶಾಲೆಯ ಶಿಕ್ಷಕರು ಮುಂತಾದವರಿಗೆ ಮಾನ್ಯತೆ ಇಲ್ಲದೆ ಕೆಲಸವೇ ಇಲ್ಲ. ವೈದ್ಯರಿಗೆ ಸಾಮಾನ್ಯ ಜರ್ಮನ್ ಜೊತೆ ವೈದ್ಯಕೀಯ ಭಾಷೆಯ ಬೇರೆ ಪರೀಕ್ಷೆ ಇದೆ. ಓದು ಸಮಾನವಲ್ಲ ಎಂದಾದರೆ ಜ್ಞಾನಪರೀಕ್ಷೆಯೂ ಇದೆ. ನರ್ಸ್‌ಗಳಿಗೆ ಹೆಚ್ಚಿನ ರಾಜ್ಯಗಳು ಬಿ2 ಮಟ್ಟದ, ಅಂದರೆ ಕೆಲಸದ ಮಾತು ಸಲೀಸಾಗಿ ನಡೆಸುವಷ್ಟು ಜರ್ಮನ್ ಕೇಳುತ್ತವೆ. ಕಡತ ನಡೆಯುತ್ತಿರುವಾಗ ಅವರು ಆರೈಕೆ ಸಹಾಯಕರಾಗಿ ಅದೇ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ದುಡಿಯಬಹುದು. ಗೋದಾಮಿಗಿಂತ ಇದು ಎಷ್ಟೋ ಮೇಲು, ವಾರ್ಡಿನ ಭಾಷೆ ದಿನವೂ ಕಿವಿಗೆ ಬೀಳುತ್ತದೆ.

ಎಲೆಕ್ಟ್ರಿಷಿಯನ್, ಬಡಗಿ, ಬೇಕರಿಯವರು, ಗುಮಾಸ್ತರು, ಸಾಫ್ಟ್‌ವೇರ್‌ನವರು ಎರಡನೆಯ ಬಗೆ. ಮಾನ್ಯತೆ ಇಲ್ಲದೆಯೂ ಇವರು ನೌಕರಿ ಮಾಡಬಹುದು. ಆದರೆ ಆ ಕಾಗದವಿಲ್ಲದಿದ್ದರೆ ಸಹಾಯಕ ಎಂದು ಸೇರಿಸಿಕೊಂಡು ಸಹಾಯಕನ ಸಂಬಳವನ್ನೇ ಕೊಡುತ್ತಾರೆ, ಕೆಲಸ ಮಾತ್ರ ಪೂರ್ತಿ ತೆಗೆಸುತ್ತಾರೆ. ಕುಶಲಕರ್ಮದ ಕಸುಬಿನವರ ಅರ್ಜಿ ಆ ಜಿಲ್ಲೆಯ ಹಾಂಡ್‌ವೆರ್ಕ್ಸ್‌ಕಾಮರ್ ಎಂಬ ಕರ್ಮಿಗಳ ಮಂಡಳಿಗೆ ಹೋಗುತ್ತದೆ. ವಾಣಿಜ್ಯ, ಕೈಗಾರಿಕೆಯ ಕಸುಬುಗಳದ್ದು ಹೆಚ್ಚಾಗಿ ನ್ಯೂರೆಂಬರ್ಗ್‌ನ ಐಎಚ್‌ಕೆ ಫೋಸಾ ಎಂಬ ವಾಣಿಜ್ಯ ಮಂಡಳಿಗಳ ಮಾನ್ಯತಾ ಕಚೇರಿಗೆ. ಪದವೀಧರರು ಅನಾಬಿನ್ ಎಂಬ ವಿದೇಶಿ ಪದವಿಗಳ ದತ್ತಾಂಶದಲ್ಲಿ ತಮ್ಮ ವಿಶ್ವವಿದ್ಯಾಲಯ ಹುಡುಕಬೇಕು. ಬೇಕಿದ್ದರೆ ಜ಼ಡ್‌ಎಬಿ ಸಂಸ್ಥೆಯಿಂದ ಪದವಿಯ ಮೌಲ್ಯಮಾಪನ ಪತ್ರ ತರಿಸಬೇಕು. ಯಾವ ಕಸುಬು ಯಾವ ಕಚೇರಿಗೆ ಎಂಬುದನ್ನು ‘ಅನೆರ್ಕೆನುಂಗ್ ಇನ್ ಡೊಯ್ಚ್‌ಲಾಂಡ್’ ಎಂಬ ಸರ್ಕಾರಿ ಜಾಲತಾಣ ಊರಿನ ಹೆಸರು ಕೊಟ್ಟರೆ ಹೇಳುತ್ತದೆ.

ಕಾಗದವೇ ಇಲ್ಲದವರು? ಬಾಂಬಿಗೆ ಸುಟ್ಟ ಮನೆಯಿಂದ ಅಂಕಪಟ್ಟಿ ತರಲಾಗುವುದಿಲ್ಲ ಎಂಬುದು ಕಾನೂನಿಗೂ ಗೊತ್ತು. 2012ರಲ್ಲಿ ಜಾರಿಗೆ ಬಂದ ಮಾನ್ಯತಾ ಕಾಯ್ದೆಯ 14ನೇ ಕಲಂ ಪ್ರಕಾರ, ತಮ್ಮ ತಪ್ಪಿಲ್ಲದೆ ದಾಖಲೆ ಕಳೆದುಕೊಂಡವರು ಅರ್ಹತಾ ವಿಶ್ಲೇಷಣೆ ಕೇಳಬಹುದು. ಆ ಕಸುಬಿನ ತಜ್ಞರ ಮುಂದೆ ಕೆಲಸ ಮಾಡಿ ತೋರಿಸಬೇಕು, ಪ್ರಶ್ನೆಗೆ ಉತ್ತರ ಹೇಳಬೇಕು. ಇದನ್ನು ಕೇಳಿ ಪಡೆಯಬೇಕು. ಕಿಟಕಿಯಲ್ಲಿ ಕೂತವರು ತಾವಾಗಿ ಹೇಳುತ್ತಾರೆಂದು ನಂಬಬೇಡಿ.

ಹೆಚ್ಚು ದುಡ್ಡು ಪೋಲಾಗುವುದು ಅನುವಾದದಲ್ಲಿ. ಇದ್ದಬದ್ದ ಕಾಗದವನ್ನೆಲ್ಲ ಅಧಿಕೃತ ಅನುವಾದಕರಿಗೆ ಕೊಟ್ಟು ನೂರಾರು ಯೂರೊ ಸುರಿದ ಮೇಲೆ, ಅರ್ಧಕ್ಕರ್ಧ ಬೇಕಿರಲಿಲ್ಲ ಎಂದು ಗೊತ್ತಾಗುತ್ತದೆ. ಯಾವುದು ಬೇಕೆಂದು ಮಂಡಳಿಯಿಂದ ಮೊದಲು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹೆಸರಿನ ಅಕ್ಷರಗಳು ನಿವಾಸ ಕಾರ್ಡಿನಲ್ಲಿ ಇರುವಂತೆಯೇ ಅನುವಾದದಲ್ಲೂ ಬರಬೇಕು. ಅರಬ್ಬಿ ಲಿಪಿಯ ಒಂದೇ ಹೆಸರು ಮೂರು ಕಾಗದದಲ್ಲಿ ಮೂರು ಥರ ಬಂದರೆ ಕಡತ ನಿಂತುಬಿಡುತ್ತದೆ. ಅನುವಾದ ಮತ್ತು ಅರ್ಜಿ ಶುಲ್ಕವನ್ನು ಜಾಬ್‌ಸೆಂಟರ್, ಅಂದರೆ ಕೆಲಸವಿಲ್ಲದವರಿಗೆ ಜೀವನಭತ್ಯೆ ಕೊಟ್ಟು ಕೆಲಸ ಹುಡುಕಲು ನೆರವಾಗುವ ಸರ್ಕಾರಿ ಕಚೇರಿ, ಕೊಡಬಹುದು. ಅದಕ್ಕೆ ಖರ್ಚು ಮಾಡುವ *ಮೊದಲೇ* ಅರ್ಜಿ ಕೊಟ್ಟಿರಬೇಕು. ಬಿಲ್ ಹಿಡಿದು ಆಮೇಲೆ ಹೋದವರು ಬರಿಗೈಲಿ ವಾಪಸ್.

ಎಚ್ಚರಿಕೆ ಒಂದಿದೆ. ನಕಲು ಪ್ರತಿಗಾಗಿ ಅವರ ದೇಶದ ರಾಯಭಾರ ಕಚೇರಿಗೆ ಹೋಗಿ ಎಂದು ಹೇಳಲೇಬೇಡಿ. ಯಾವ ಸರ್ಕಾರಕ್ಕೆ ಹೆದರಿ ಓಡಿಬಂದರೋ ಅದೇ ಸರ್ಕಾರದ ಬಾಗಿಲು ಅದು. ಆಶ್ರಯದ ಸ್ಥಾನಕ್ಕೂ ಊರಲ್ಲಿರುವ ನೆಂಟರಿಗೂ ತೊಂದರೆಯಾದೀತು. ವಕೀಲರನ್ನೋ ಎಂಬಿಇ ಎಂಬ ವಲಸಿಗರ ಉಚಿತ ಸಲಹಾ ಕೇಂದ್ರವನ್ನೋ ಕೇಳಿದ ಮೇಲೆ ಮಾತ್ರ ಆ ಮಾತು.

ಎಲ್ಲ ದಾಖಲೆ ತಲುಪಿದ ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ತಿಂಗಳು. ‘ಭಾಗಶಃ ಸಮಾನ’ ಎಂದು ಬಂದರೆ ಅದನ್ನು ಸೋಲೆಂದು ಮಡಚಿಡುವವರಿದ್ದಾರೆ. ಯಾವ ಭಾಗ ಕಮ್ಮಿ ಎಂದು ಆ ಪತ್ರದಲ್ಲೇ ಬರೆದಿರುತ್ತದೆ. ಅಷ್ಟನ್ನೇ ಕಲಿತು ಪೂರ್ತಿ ಮಾನ್ಯತೆಗೆ ಮತ್ತೆ ಹೋಗಬಹುದು. ಕೊರತೆಯ ಪಟ್ಟಿ ಹಿಡಿದು ಬರುವ ಎಲೆಕ್ಟ್ರಿಷಿಯನ್ ಯಾವ ಪಟ್ಟಿಯೂ ಇಲ್ಲದವನಿಗಿಂತ ಮಾಲೀಕರಿಗೆ ಸುಲಭ.

ಭಾಷೆ

ಹೊಸದಾಗಿ ಬಂದವರಿಗೆ ಭಾಷೆ, ದೇಶ ಪರಿಚಯಿಸುವ ಸರ್ಕಾರಿ ಇಂಟಿಗ್ರೇಷನ್ ಕೋರ್ಸ್ 700 ಪಾಠದ ಅವಧಿ: 600 ಭಾಷೆಗೆ, 100 ದೇಶದ ಪರಿಚಯಕ್ಕೆ. ಗುರಿ ಬಿ1, ಅಂದರೆ ದಿನನಿತ್ಯದ ಮಾತಿಗೆ ಸಾಲುವಷ್ಟು ಜರ್ಮನ್. ಅದಾದ ಮೇಲೆ ವೃತ್ತಿಭಾಷೆಯ ಕೋರ್ಸ್‌ನಲ್ಲಿ ಬಿ2. ಸೀಟಿಗೆ ಕಾಯಬೇಕಾಗುತ್ತದೆ, ಆ ಕಾಯುವ ತಿಂಗಳುಗಳೇ ಮಾನ್ಯತೆಯ ಕಡತಕ್ಕೆ ಹೇಳಿಮಾಡಿಸಿದ ಸಮಯ. ಕೆಲಸ ಸಿಕ್ಕಿತೆಂದು ಕೋರ್ಸ್ ಬಿಡಬೇಕಿಲ್ಲ, ಸಂಜೆಯ ತರಗತಿಗೆ ಬದಲಾಯಿಸಿಕೊಳ್ಳಬಹುದು. ಪಾಳಿ ಬದಲಾಗುವ ಕೆಲಸವಾದರೆ ಸಂಜೆ ತರಗತಿ ಎರಡೇ ವಾರದಲ್ಲಿ ತಪ್ಪುತ್ತದೆ. ಮೊದಲ ಕೆಲಸ ಒಪ್ಪಿಕೊಳ್ಳುವಾಗ ಸಂಬಳದಷ್ಟೇ ಮುಖ್ಯವಾಗಿ ಇದನ್ನು ನೋಡಬೇಕು.

ಪುಟ್ಟ ಮಕ್ಕಳ ತಾಯಂದಿರಿಗೆ ಮೊದಲ ಅರ್ಜಿ ಕಿಟಾಕ್ಕೆ, ಅಂದರೆ ಶಿಶುವಿಹಾರಕ್ಕೆ. ಮಗುವಿಗೆ ಒಂದು ವರ್ಷ ತುಂಬಿದ ಮೇಲೆ 2013ರಿಂದ ಅದು ಕಾನೂನಿನ ಹಕ್ಕು. ಹಕ್ಕಿದ್ದರೂ ಜಾಗ ಕಮ್ಮಿ, ಬೇಗ ಹೆಸರು ಬರೆಸಬೇಕು. ಹೆಂಗಸರು ಕೆಲಸಕ್ಕೆ ‘ಆಸಕ್ತಿ ತೋರಿಸುವುದಿಲ್ಲ’ ಎನ್ನುವ ಸ್ವಯಂಸೇವಕರು ಕಿಟಾದ ಅರ್ಜಿ ಎಲ್ಲಿದೆ ಎಂದು ಮೊದಲು ನೋಡಲಿ.

ಮಾಲೀಕರ ಬಾಗಿಲಿಗೆ

ಆನ್‌ಲೈನಿನಲ್ಲಿ ಐವತ್ತು ಅರ್ಜಿ ಎಸೆಯುವುದಕ್ಕಿಂತ ಐದು ಕಡೆ ಕೆಲಸ ಮಾಡಿ ತೋರಿಸುವುದು ಲೇಸು. ಜಾಬ್‌ಸೆಂಟರ್ ಮೂಲಕ ಒಂದು ಕಂಪನಿಯಲ್ಲಿ ಆರು ವಾರದವರೆಗೆ ಪ್ರಾಯೋಗಿಕವಾಗಿ ಕೆಲಸ ಮಾಡಬಹುದು. ಸಂಬಳವಿಲ್ಲ, ಜೀವನಭತ್ಯೆ ಮುಂದುವರಿಯುತ್ತದೆ. ಇದಕ್ಕೂ ಒಪ್ಪಿಗೆ ಮುಂಚೆ ಬೇಕು. ಸೇರಿಸಿಕೊಳ್ಳುವ ಮಾಲೀಕರಿಗೆ ಸಂಬಳದ ಅರ್ಧದವರೆಗೆ, ಹನ್ನೆರಡು ತಿಂಗಳವರೆಗೆ ಸಹಾಯಧನ ಸಿಗಬಹುದು. ಸಣ್ಣ ವರ್ಕ್‌ಷಾಪಿನವರಿಗೆ ಇದು ಗೊತ್ತೇ ಇರುವುದಿಲ್ಲ, ನೀವು ಹೇಳಬೇಕು. ಕರಾರಿಗೆ ಸಹಿ ಬೀಳುವ ಮುಂಚೆ ಅರ್ಜಿ ಹೋಗಿರಲಿ.

ವಯಸ್ಸು ಚಿಕ್ಕದಾದರೆ ಔಸ್‌ಬಿಲ್ಡುಂಗ್ ಎಂಬ ವೃತ್ತಿ ತರಬೇತಿಯ ಬಗ್ಗೆ ಗಂಭೀರವಾಗಿ ಮಾತಾಡಿ. ಎರಡರಿಂದ ಮೂರೂವರೆ ವರ್ಷ, ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷದ ಕನಿಷ್ಠ ಭತ್ಯೆ ತಿಂಗಳಿಗೆ 682 ಯೂರೊ. ಊರಿಗೆ ಹಣ ಕಳಿಸಬೇಕಾದವರಿಗೆ ಇದು ಅವಮಾನದಂತೆ ಕಾಣುತ್ತದೆ, ಅವರ ಲೆಕ್ಕ ಸುಳ್ಳಲ್ಲ. ಮನೆಯವರೊಂದಿಗೆ ಕೂತು ಐದು ವರ್ಷದ ಲೆಕ್ಕ ಹಾಕಿ ತೋರಿಸಿ, ತೀರ್ಮಾನ ಅವರದೇ. ಕೆಲಸ ಬೇರೆ ರಾಜ್ಯದಲ್ಲಾದರೆ ಇನ್ನೊಂದು ವಿಷಯ ನೋಡಬೇಕು: ನಿರಾಶ್ರಿತರೆಂದು ಮಾನ್ಯತೆ ಸಿಕ್ಕ ಮೇಲೂ ಮೂರು ವರ್ಷ ಹಂಚಿಕೆಯಾದ ರಾಜ್ಯದಲ್ಲೇ ಇರಬೇಕೆಂಬ ಷರತ್ತಿರುತ್ತದೆ. ವಾರಕ್ಕೆ ಕನಿಷ್ಠ 15 ಗಂಟೆಯ, ವಿಮೆ ಕಟ್ಟುವ, ಖರ್ಚಿಗೆ ಸಾಲುವ ನೌಕರಿ ಇದ್ದರೆ ಅದನ್ನು ತೆಗೆಸಬಹುದು.

ಕರಾರು, ಮೊದಲ ಸಂಬಳ

2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ವಾರಕ್ಕೆ 40 ಗಂಟೆಗೆ ತಿಂಗಳಿಗೆ ಕಡಿತಕ್ಕೆ ಮುಂಚೆ ಸುಮಾರು 2,400. ಇದಕ್ಕಿಂತ ಕಡಿಮೆ ಬರೆದಿದ್ದರೆ, ‘ಗಂಟೆ ಬರೆದುಕೊಳ್ಳುವುದು ಬೇಡ’ ಎಂದರೆ, ಎದ್ದು ಬರಬೇಕು.

ಮಿನಿಜಾಬ್, ಅಂದರೆ ಸಂಬಳಕ್ಕೆ ಮಿತಿಯಿರುವ ಸಣ್ಣ ಅರೆಕಾಲಿಕ ಕೆಲಸ, ಎಂಬ ಬಲೆಯ ಲೆಕ್ಕ ಹೀಗಿದೆ. 2026ರಲ್ಲಿ ಅದರ ಮಿತಿ ತಿಂಗಳಿಗೆ 603 ಯೂರೊ. ಜೀವನಭತ್ಯೆ ಪಡೆಯುವವರಿಗೆ ಮೊದಲ 100 ಪೂರ್ತಿ ಉಳಿಯುತ್ತದೆ, 520ರವರೆಗಿನದರಲ್ಲಿ ಶೇ 20, ಅದರ ಮೇಲಿನದರಲ್ಲಿ ಶೇ 30. ಉಳಿದದ್ದು ಭತ್ಯೆಯಲ್ಲಿ ಕಡಿತ. ಅಂದರೆ 603 ದುಡಿದರೆ ಹೆಚ್ಚುವರಿಯಾಗಿ ಕೈಯಲ್ಲಿ ನಿಲ್ಲುವುದು ಸುಮಾರು 209. ನಿರುದ್ಯೋಗ ವಿಮೆಯೂ ಇಲ್ಲ. ಬಿ1 ಮುಗಿಯುವವರೆಗೆ ಕೈಖರ್ಚಿಗೆ ಆದೀತು, ವರ್ಷಗಟ್ಟಲೆ ಅಲ್ಲೇ ಉಳಿಯಬಾರದು.

ಸೇರುವಾಗ ಮಾಲೀಕರು ಕೇಳುವುದು: 11 ಅಂಕಿಯ ತೆರಿಗೆ ಸಂಖ್ಯೆ, ಸಾಮಾಜಿಕ ವಿಮೆಯ ಸಂಖ್ಯೆ, ಆರೋಗ್ಯ ವಿಮಾ ಸಂಸ್ಥೆಯ ಹೆಸರು, ಐಬ್ಯಾನ್ ಎಂಬ ಬ್ಯಾಂಕ್ ಖಾತೆ ಸಂಖ್ಯೆ. ಖಾತೆ ತೆರೆಯಲು ಬ್ಯಾಂಕ್ ಒಪ್ಪದಿದ್ದರೆ ‘ಬಾಸಿಸ್‌ಕೊಂಟೊ’ ಎಂಬ ಮೂಲ ಖಾತೆ ಕೇಳಿ. ಆಶ್ರಯ ಕೇಳಿದವರಿಗೂ ಅದು ಹಕ್ಕು. ಪರೀಕ್ಷಾ ಅವಧಿ ಆರು ತಿಂಗಳವರೆಗೆ ಇರಬಹುದು, ಆಗ ಎರಡು ವಾರದ ನೋಟಿಸ್ ಸಾಕು.

ಕೆಲಸ ಸೇರುವ ವಿಷಯವನ್ನು ಜಾಬ್‌ಸೆಂಟರ್‌ಗೆ ಸೇರುವ ಮುಂಚೆಯೇ ತಿಳಿಸಿ. ಭತ್ಯೆ ತಿಂಗಳ ಮೊದಲೇ ಬರುತ್ತದೆ, ಸಂಬಳ ತಿಂಗಳ ಕೊನೆಗೆ. ಎರಡೂ ಒಂದೇ ತಿಂಗಳಲ್ಲಿ ಖಾತೆಗೆ ಬಿದ್ದರೆ ಭತ್ಯೆ ವಾಪಸ್ ಕೇಳುವ ಪತ್ರ ಬರುತ್ತದೆ. ಆ ಹಣ ತೆಗೆದಿಡಲು ಮೊದಲೇ ಹೇಳದಿದ್ದರೆ ದುಡಿದದ್ದೇ ತಪ್ಪಾಯಿತೇ ಅನ್ನಿಸುತ್ತದೆ ಅವರಿಗೆ. ಹಳದಿ ಲಕೋಟೆಯಲ್ಲಿ ಬಂದ ಪತ್ರವಾದರೆ ಲಕೋಟೆಯನ್ನೂ ಎಸೆಯಬೇಡಿ. ಅದರ ಮೇಲಿನ ತಾರೀಖಿನಿಂದಲೇ ಗಡುವು ಶುರು.

ಸಂಬಳ ಕೊಡದಿದ್ದರೆ, ಕೆಲಸದಿಂದ ತೆಗೆದರೆ ‘ಫೇರ್ ಇಂಟಿಗ್ರೇಷನ್’ ಸಲಹಾ ಕೇಂದ್ರಗಳು ಉಚಿತವಾಗಿ ಕಾರ್ಮಿಕ ಕಾನೂನಿನ ನೆರವು ಕೊಡುತ್ತವೆ. ವಜಾ ಪತ್ರ ಕೈಗೆ ಬಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು. ಬಾಕಿ ಸಂಬಳ ಕೇಳಲು ಎಷ್ಟೋ ಕರಾರುಗಳಲ್ಲಿ ಮೂರೇ ತಿಂಗಳ ಗಡುವಿರುತ್ತದೆ, ಅದೂ ಕೊನೆಯ ಪುಟದಲ್ಲಿ. ಗಂಟೆಗಳನ್ನು ದಿನವೂ ತಮ್ಮದೇ ಡೈರಿಯಲ್ಲಿ ಬರೆದಿಟ್ಟವರಿಗೆ ಆಗ ವಾದಕ್ಕೆ ಆಧಾರ ಸಿಗುತ್ತದೆ.

ಒಂದೆರಡು ವರ್ಷವಾದ ಮೇಲೆ ‘ಸ್ವಂತ ಅಂಗಡಿ ಹಾಕುತ್ತೇನೆ’ ಎಂಬ ಮಾತು ಬರುತ್ತದೆ. ಹೊಲಿಗೆಯವರು ನೋಂದಣಿ ಮಾಡಿಸಿ ಶುರು ಮಾಡಬಹುದು. ಕ್ಷೌರ, ವೈರಿಂಗ್, ಬೇಕರಿಗೆ ಹಾಗಲ್ಲ: ಮೈಸ್ಟರ್ ಎಂಬ ಕಸುಬಿನ ಉನ್ನತ ಪರೀಕ್ಷೆಯಾದವರು ಬೇಕು, ಇಲ್ಲವೇ ಅದಕ್ಕೆ ಸಮನೆಂದು ಒಪ್ಪಿದ ವಿಶೇಷ ಅನುಮತಿ. ಬಾಡಿಗೆಯ ಮುಂಗಡ ಕೊಡುವ ಮುಂಚೆ ಕರ್ಮಿಗಳ ಮಂಡಳಿಗೆ ಹೋಗಿ ಕೇಳಿಬರಬೇಕು.