ರಾಗಿ ಹೂವಿನ ಮುಂದೆ ಚಿಮಟ ಹಿಡಿದು

ರಾಗಿಯಲ್ಲಿ ಸಂಕರಣ, ಎಂದರೆ ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಕೂಡಿಸುವ ಕೆಲಸ, ಮಾಡುತ್ತೇನೆ ಎಂದಾಗ ಹಾಸ್ಟೆಲ್ಲಿನ ಗೆಳೆಯರು ನಕ್ಕಿದ್ದರು. ಆ ನಗುವಿಗೆ ಕಾರಣವಿತ್ತು. ರಾಗಿಯ ಹೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅರಳುವುದು ನಡುರಾತ್ರಿ ಕಳೆದ ಮೇಲೆ. ಅರಳುವ ಹೊತ್ತಿಗೇ ತನ್ನ ಪರಾಗವನ್ನು ತನ್ನ ಮೇಲೇ ಸುರಿದುಕೊಂಡು ಕೆಲಸ ಮುಗಿಸಿರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ನನಗೆ ಒಪ್ಪಿಸಿದ್ದು, ಒಳ್ಳೆಯ ಇಳುವರಿಯ ಆದರೆ ಬೆಂಕಿರೋಗವೆಂಬ ಶಿಲೀಂಧ್ರ ರೋಗಕ್ಕೆ ಬೇಗ ತುತ್ತಾಗುವ ತಳಿಗೆ ರೋಗ ತಾಳುವ ಗುಣ ಕೂಡಿಸುವ ಕೆಲಸ. ತೆನೆಯ ಬುಡದ ಕುತ್ತಿಗೆಗೆ ರೋಗ ತಗುಲಿದರೆ ತೆನೆ ಜೊಳ್ಳಾಗುತ್ತದೆ. ಮಳೆ ನಂಬಿ ರಾಗಿ ಬಿತ್ತುವವರಿಗೆ ಔಷಧಿ ಸಿಂಪಡಿಸಿ ಎನ್ನುವುದು ಸುಲಭ, ಅದರ ಖರ್ಚು ಹುಟ್ಟುವುದಿಲ್ಲ. ಬೀಜದಲ್ಲೇ ತಾಳಿಕೆ ಇದ್ದರೆ ಆ ಗೊಡವೆಯೇ ಇಲ್ಲ.

ಹೆಣ್ಣಾಗಿ ಹಸಿರು ಗಿಣ್ಣಿನ ತಳಿ, ಗಂಡಾಗಿ ನೇರಳೆ ಗಿಣ್ಣಿನ ತಳಿ ಆರಿಸಿಕೊಂಡೆ. ಸಂಜೆ, ಆಗಲೇ ಅರಳಿದ ಹೂಗಳನ್ನೂ ತೀರಾ ಎಳೆಯವನ್ನೂ ಚಿಮಟದಿಂದ ಕಿತ್ತು, ಮಾರನೆಯ ದಿನ ಅರಳುವವನ್ನು ಮಾತ್ರ ಉಳಿಸುತ್ತಿದ್ದೆ. ತೆನೆಗೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ತೇವ ತುಂಬುತ್ತದೆ. ಬೆಳಗಿನ ಜಾವ ಪರಾಗಕೋಶಗಳು ಹೊರಗೆ ಚಾಚುತ್ತವೆ, ಆದರೆ ತೇವಕ್ಕೆ ಬಿರಿಯುವುದಿಲ್ಲ. ಹೂವಿಗೆ ಮೂರರಂತೆ ಅವನ್ನು ಟಾರ್ಚ್ ಬೆಳಕಿನಲ್ಲಿ ತೆಗೆದು, ಗಂಡು ತೆನೆಯನ್ನು ಮೇಲೆ ತಟ್ಟಬೇಕು. ಪರಾಗದ ಜೀವ ಹತ್ತು ಹದಿನೈದು ನಿಮಿಷ, ಆಕಳಿಸಲೂ ಪುರುಸೊತ್ತಿಲ್ಲ.

ಇಷ್ಟಾದರೂ ಕಟ್ಟಿದ ಕಾಳುಗಳಲ್ಲಿ ಹೆಚ್ಚಿನವು ಸ್ವಪರಾಗದವೇ. ಅಲ್ಲಿ ನೇರಳೆ ಬಣ್ಣ ಕೈ ಹಿಡಿಯುತ್ತದೆ. ಅದು ಪ್ರಬಲ ಗುಣವಾದ್ದರಿಂದ, ಹಸಿರು ತಾಯಿಯ ಬೀಜದಿಂದ ನೇರಳೆ ಗಿಣ್ಣಿನ ಗಿಡ ಬಂದರೆ ಅದೇ ನಿಜವಾದ ಸಂಕರ, ಉಳಿದವನ್ನು ಕಿತ್ತು ಹಾಕಬಹುದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ರಾಗಿ ಬ್ರಹ್ಮ ಎಂದು ಸುಮ್ಮನೆ ಕರೆದಿಲ್ಲ. 2017ರಲ್ಲಿ ನಮ್ಮ ವಿಶ್ವವಿದ್ಯಾಲಯದ ತಂಡ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನೇ, ಅಂದರೆ ಅದರ ವಂಶವಾಹಿ ಬರಹವನ್ನೇ, ಪ್ರಕಟಿಸಿತು. ಆದರೂ ಚಿಮಟದ ಕೆಲಸ ಯಾರಿಗೂ ತಪ್ಪಿಲ್ಲ.

ಮುಂದಿನ ತಲೆಮಾರುಗಳನ್ನು, ಬೇಕೆಂದೇ ರೋಗ ಹರಡಿಸಿ ಪರೀಕ್ಷಿಸುವ ಮಡಿಯಲ್ಲಿ ಬೆಳೆಸಿದೆ. ನಡುನಡುವೆ ಉದುರುಮಲ್ಲಿಗೆ ಎಂಬ ರಾಗಿ ತಳಿಯ ಸಾಲು: ಅದಕ್ಕೆ ಬೆಂಕಿರೋಗ ಬಹುಬೇಗ ಅಂಟುತ್ತದೆ, ಅಲ್ಲಿಂದ ಸುತ್ತಲಿನ ಗಿಡಗಳಿಗೆ ಹರಡುತ್ತದೆ. ಎಲೆಯ ಮೇಲೆ ನಡು ಬೂದಿಬಣ್ಣದ, ಎರಡೂ ತುದಿ ಚೂಪಾದ ಮಚ್ಚೆ ಕಂಡಿತೆಂದರೆ ರೋಗ ಎಷ್ಟು ತಗುಲಿದೆಯೆಂದು ಅಂಕ ಬರೆಯುವ ಕೆಲಸ ಶುರು. ಬೆಂಕಿರೋಗ ತಾಳುವ ತಳಿಯಾದ ಜಿಪಿಯು-28ರ ಪಕ್ಕದಲ್ಲಿ ನಿಂತು ತಲೆಯೆತ್ತಿದ ಸಾಲುಗಳನ್ನಷ್ಟೇ ಉಳಿಸಿಕೊಂಡೆ.

ಅವನ್ನು ದೊಡ್ಡಬಳ್ಳಾಪುರದ ಕಡೆಯ ರೈತರ ಹೊಲದಲ್ಲಿ ಬೆಳೆದಾಗ ಲೆಕ್ಕ ತಲೆಕೆಳಗಾಯಿತು. ನನ್ನ ಪಟ್ಟಿಯಲ್ಲಿ ಮೊದಲಿದ್ದ ಸಾಲನ್ನು ಕೊಯ್ಲಿಗೆ ಬಂದ ಹೆಂಗಸರು ನೋಡಿಯೂ ನೋಡದಂತೆ ದಾಟಿ ಹೋದರು. ಒಬ್ಬರು ಕಡ್ಡಿ ಮುರಿದು ತೋರಿಸಿ, “ಕಾಳು ನಮಗಾಯಿತು, ಹಸುವಿಗೇನು ಹಾಕುವುದು?” ಎಂದು ಕೇಳಿದರು. ಗಿಡ ಕುಳ್ಳಾಗಿತ್ತು, ಹುಲ್ಲು ಒರಟಾಗಿತ್ತು. ಹಾಲಿನ ಡೇರಿಯ ದುಡ್ಡಿನಲ್ಲಿ ಮನೆ ನಡೆಯುವ ಊರಿನಲ್ಲಿ ಹುಲ್ಲೂ ಬೆಳೆಯೇ. ಅವರು ಮೆಚ್ಚಿದ್ದು ಕಾಳಿನಲ್ಲಿ ಸ್ವಲ್ಪ ಹಿಂದಿದ್ದ, ಎತ್ತರದ, ತೆಳುಕಡ್ಡಿಯ ಸಾಲನ್ನು.

ಈಗ ನನ್ನ ಕ್ಷೇತ್ರ ಪುಸ್ತಕದಲ್ಲಿ ರೋಗದ ಅಂಕದ ಪಕ್ಕದಲ್ಲೇ ಹುಲ್ಲಿನ ತೂಕಕ್ಕೂ ಒಂದು ಅಂಕಣವಿದೆ. ಹೊಸ ಸಂಕರಣಕ್ಕೆ ಹೆಣ್ಣಾಗಿ ಆ ತೆಳುಕಡ್ಡಿಯ ಸಾಲನ್ನೇ ಇಟ್ಟುಕೊಂಡಿದ್ದೇನೆ.