ಆರು ವರ್ಷದ ಸಾಕ್ಷಿಯ ಮಾತು ಕೋರ್ಟಿನಲ್ಲಿ ನಿಂತಿತು: ಕೋಲಾರದಿಂದ ನನ್ನ ಅನುಭವ

“ಚಿಕ್ಕ ಮಗು ಮೇಡಂ, ಹೌದಾ ಇಲ್ವಾ ಅಂತ ಕೇಳಿ ಮುಗಿಸಿ.” ಕೋಲಾರ, ಮುಳಬಾಗಿಲು ಕಡೆ ಮಕ್ಕಳ ಕೌನ್ಸೆಲಿಂಗ್ ಮಾಡುತ್ತಾ, ಸಾಕ್ಷಿ ಹೇಳುವ ಮಕ್ಕಳನ್ನೂ ಮಾತಾಡಿಸುವ ನನಗೆ ಇದನ್ನು ಹೇಳದವರೇ ಇಲ್ಲ. ಈ ಸಲ ಆರು ವರ್ಷದ ಮಗುವಿನ ಮಾತು ಪಾಟೀಸವಾಲಿನಲ್ಲೂ ಅಲುಗಾಡಲಿಲ್ಲ. ರಸ್ತೆ ಅಪಘಾತದ ಕೇಸು, ಅದಕ್ಕಿಂತ ಜಾಸ್ತಿ ಹೇಳಲ್ಲ.

ಮಕ್ಕಳನ್ನು ಮಾತಾಡಿಸುವ ಕೋಣೆಗೆ ಅಂತ ಮೊದಲು ದುಡ್ಡೆಲ್ಲ ಹೋಗಿದ್ದು ಗೊಂಬೆಗೆ. ಗೋಡೆಗೆ ಚಿತ್ರ, ಟೆಡ್ಡಿ, ಅಡುಗೆ ಆಟದ ಸೆಟ್ಟು, ಹತ್ತಿರ ಹತ್ತಿರ 12,000 ರೂಪಾಯಿ. ಮಕ್ಕಳು ಬಂದವರೇ ಆಟಕ್ಕೆ ಕೂತುಬಿಡುತ್ತಿದ್ದರು, ಹೇಳಿದ್ದರಲ್ಲಿ ನಡೆದದ್ದು ಯಾವುದು, ಆಟದ ಕಥೆ ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಕಾಗ್ನಿಟಿವ್ ಇಂಟರ್‌ವ್ಯೂ (ಸಾಕ್ಷಿಗೆ ನೆನಪು ಮಾಡಿಕೊಳ್ಳಲು ನೆರವಾಗುವ ಪ್ರಶ್ನೆ ವಿಧಾನ) ಅಂತಿದೆಯಲ್ಲ, ಅದರಲ್ಲಿ ಬರುವ ‘ಕೊನೆಯಿಂದ ಹಿಂದಕ್ಕೆ ಹೇಳು’ ಕೂಡ ಪುಟ್ಟ ಮಕ್ಕಳ ಹತ್ತಿರ ನಡೆಯಲಿಲ್ಲ. ಪಾಪ, ಗೊಂದಲವಾಗಿ ಅಳುವುದಕ್ಕೇ ಶುರು ಮಾಡುತ್ತಿದ್ದರು.

ಈಗ ಚಾಪೆ, ಬಿಳಿ ಹಾಳೆ, ಪೆನ್ಸಿಲ್, ರೆಕಾರ್ಡರ್, ಅಷ್ಟೇ. ರೆಕಾರ್ಡರ್ ಬಿಟ್ಟರೆ 300 ರೂಪಾಯಿ ದಾಟಲ್ಲ.

ಎನ್‌ಐಸಿಎಚ್‌ಡಿ ಪ್ರೋಟೋಕಾಲ್, ಅಂದರೆ ಮಕ್ಕಳಿಂದ ಹೇಳಿಕೆ ಪಡೆಯುವುದಕ್ಕೆ ಸಂಶೋಧಕರು ರೂಪಿಸಿದ ಹಂತ ಹಂತದ ವಿಧಾನ, ಅದರ ಕ್ರಮವನ್ನೇ ಹಿಡಿದೆ. “ನಮ್ಮನೆ ನಾಯಿ ಹೆಸರೇನು?” ಅಂತ ಕೇಳಿ, “ಗೊತ್ತಿಲ್ಲ” ಅನ್ನುವುದಕ್ಕೆ ಧೈರ್ಯ ಬರೋವರೆಗೂ ಮುಂದೆ ಹೋಗಲ್ಲ. ಆಮೇಲೆ ಕೇಸಿಗೆ ಸಂಬಂಧವೇ ಇಲ್ಲದ ಒಂದು ದಿನದ ಬಗ್ಗೆ ಪೂರ್ತಿ ಹೇಳಿಸುತ್ತೇನೆ. ನಮ್ಮಲ್ಲಿ ಇದಕ್ಕೆ ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟ ಬಿಟ್ಟರಿಲ್ಲ, ಮೆಟ್ಟಿಲು, ಕೋತಿ, ಕಿತ್ತುಕೊಂಡ ಬಾಳೆಹಣ್ಣು, ಮಾತು ತಾನಾಗಿ ಬರುತ್ತೆ. ಮನೆಯಲ್ಲಿ ತೆಲುಗು ಆಡುವ ಮಗುವಾದರೆ ತೆಲುಗಿನಲ್ಲೇ ಹೇಳಲಿ. ಕನ್ನಡದಲ್ಲೇ ಹೇಳು ಅಂದರೆ ಅರ್ಧ ನುಂಗಿಬಿಡುತ್ತೆ.

ಇನ್ನು ಹಾಳೆ. ಅಪಘಾತದ ಕೇಸಿನ ಆ ಮಗುವಿಗೆ “ಆವತ್ತು ನೀನು ನಿಂತಿದ್ದ ಜಾಗ ಬರಿ” ಅಂದೆ. ಮೊದಲು ಬೋರ್‌ವೆಲ್ ಬಂತು, ಪಕ್ಕದಲ್ಲಿ ಎಳನೀರು ಗಾಡಿ, ಗಾಡಿ ಕೆಳಗೆ ಒಂದು ನಾಯಿ. ನಾಯಿ ಬಾಲ ಬರೆಯುತ್ತಾ, “ಅದು ಓಡಿಹೋಯ್ತು, ಆಟೋ ಹಿಂದಕ್ಕೆ ಬಂತಲ್ಲ” ಅಂತು. ಆಟೋ ಹಿಂದಕ್ಕೆ ಬಂದಿದ್ದನ್ನು ಅಲ್ಲಿವರೆಗೂ ಯಾರೂ ಹೇಳಿರಲಿಲ್ಲ! “ಆಟೋ ಹಿಂದಕ್ಕೆ ಬಂತು ಅಂದ್ಯಲ್ಲ, ಅದರ ಬಗ್ಗೆ ಹೇಳು” ಅಂದೆ, ಬಾಯಿ ಮುಚ್ಚಿ ಕೂತೆ. ಹಾಗೆ ಸುಮ್ನೆ ಕೂರುವುದೇ ಕಷ್ಟದ ಕೆಲಸ. ನಮ್ಮ ಭಾಗದಲ್ಲಿ ಇದನ್ನು ನನ್ನಷ್ಟು ಅಭ್ಯಾಸ ಮಾಡಿದವರು ಕಮ್ಮಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಅಕ್ಕಪಕ್ಕದ ಮನೆ ಮಕ್ಕಳ ಮೇಲೂ, ಅವರ ಅಪ್ಪ ಅಮ್ಮನನ್ನು ಕೇಳಿಯೇ, ಒಂದು ಪ್ರಯೋಗ ಮಾಡಿದೆ. ಅಂತರಗಂಗೆಗೆ ಕರೆದುಕೊಂಡು ಹೋಗಿ ಬಂದ ಮೇಲೆ ಕೆಲವರನ್ನು “ಕೆಂಪು ಶರ್ಟಿನ ಮಾಮನ ಚೀಲ ಕೋತಿ ಎಳೆಯಿತಲ್ವಾ?” ಅಂತ ಕೇಳಿದೆ. ಅಂಥ ಮಾಮನೇ ಇರಲಿಲ್ಲ. ಮುಕ್ಕಾಲುಪಾಲು ಮಕ್ಕಳು ಹೂಂ ಅಂದರು, ಒಬ್ಬಳು ಚೀಲದ ಬಣ್ಣವನ್ನೂ ಹೇಳಿದಳು. ಬರೀ “ಏನೇನಾಯ್ತು ಹೇಳು” ಅಂತ ಕೇಳಿಸಿಕೊಂಡ ಮಕ್ಕಳ ಬಾಯಲ್ಲಿ ಆ ಮಾಮ ಬರಲೇ ಇಲ್ಲ.

ಪೂರ್ತಿ ಮೌನವಾಗಿರುವ ಮಗುವಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಈ ಕೆಲಸದಲ್ಲಿರುವವರು ಎದುರಿಗೆ ಸಿಕ್ಕರೆ ಹೇಳಿಕೊಡುತ್ತೇನೆ.

ಮಗುವಿನ ಉತ್ತರ ಮಾತ್ರ ಅಲ್ಲ, ನಿಮ್ಮ ಪ್ರಶ್ನೆಯೂ ಅಕ್ಷರ ಅಕ್ಷರ ದಾಖಲಾಗಿರಲಿ. ಎದುರು ವಕೀಲರು “ಆಟೋ ಅನ್ನೋದನ್ನ ನೀವೇ ಹೇಳಿಕೊಟ್ಟಿರಿ” ಅಂದರು. ರೆಕಾರ್ಡಿಂಗ್ ಕೇಳಿಸಿದೆವು. ಆಟೋ ಅಂತ ಮೊದಲು ಅಂದಿದ್ದು ಮಗುವೇ.