ಕೊಯ್ಲಿಗೆ ಹೊರಟ ತಾಯಿಯ ಎದೆಹಾಲು ನಿಲ್ಲದಿರಲು ಸುತ್ತಲಿನವರು ಏನು ಮಾಡಬೇಕು

ಡಿಸೆಂಬರ್ ಬಂತೆಂದರೆ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಮಾರ್ಚ್‌ವರೆಗೂ ಬಿಡುವಿಲ್ಲ. ಮೂರ್ನಾಲ್ಕು ತಿಂಗಳ ಕೂಸನ್ನು ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಬಿಟ್ಟು ಕೆಲಸಕ್ಕೆ ಇಳಿಯುವ ತಾಯಂದಿರು ಎಷ್ಟೋ ಜನ. ಸ್ವಲ್ಪ ದಿನದಲ್ಲೇ "ಹಾಲು ಬತ್ತಿಹೋಯ್ತು" ಅನ್ನುವ ಮಾತು, ಅದರ ಹಿಂದೆಯೇ ಹಾಲಿನ ಪುಡಿಯ ಡಬ್ಬಿ. ಕೆಲಸ ಮಾಡಿದ್ದಕ್ಕೆ ಹಾಲು ಬತ್ತುವುದಿಲ್ಲ. ಮಗು ಕುಡಿಯದೆ, ಯಾರೂ ಹಿಂಡಿ ತೆಗೆಯದೆ ಗಂಟೆಗಟ್ಟಲೆ ಎದೆಯಲ್ಲೇ ನಿಂತರೆ ಬತ್ತುತ್ತದೆ. ತಾಯಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ, ಹಾಗಾಗಿ ನಾನು ಇಲ್ಲಿ ಮಾತಾಡುತ್ತಿರುವುದು ಅವಳ ಗಂಡ, ಅತ್ತೆ, ಪಕ್ಕದ ಮನೆಯವರು, ತೋಟದಲ್ಲಿ ಕೆಲಸ ಹಂಚಿ ಲೆಕ್ಕ ಬರೆಯುವ ರೈಟರು, ಮಾಲೀಕರ ಜೊತೆ.

ಮೊದಲು ದೂರದ ವಿಷಯ. ಮಗುವಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿಶ್ರಾಂತಿಯ ಹೊತ್ತು ಬಿಟ್ಟು, ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಆದರೆ ಸಿದ್ದಾಪುರದ ಕಡೆ ತೋಟದೊಳಗೆ ಆನೆ ನಿಂತಿದೆ ಅನ್ನುವ ಸುದ್ದಿ ಇದ್ದ ದಿನ, ಯಾವ ತಾಯಿ ಒಬ್ಬಳೇ ಲೈನಿಗೆ ನಡೆದು ಹೋಗಿ ಬರುತ್ತಾಳೆ ಹೇಳಿ? ಬಿಡುವು ಸಿಕ್ಕರೂ ದಾರಿ ಇಲ್ಲ. ಇದಕ್ಕೆ ದಾರಿ ಮಾಡಿಕೊಡಬೇಕಾದವರು ರೈಟರು. ಹಾಲೂಡಿಸುವ ತಾಯಿಗೆ ಲೈನಿಗೆ ಹತ್ತಿರದ ಬ್ಲಾಕಿನಲ್ಲೇ ಕೆಲಸ ಹಾಕಿ. ಅದು ಆಗದಿದ್ದರೆ ಮಧ್ಯಾಹ್ನ ಹೇಗೂ ಓಡಾಡುವ ಜೀಪಿನಲ್ಲಿ ತಾಯಿಯನ್ನು ಲೈನಿಗೆ ಬಿಟ್ಟು ಬನ್ನಿ, ಇಲ್ಲವೇ ಅಜ್ಜಿಯ ಜೊತೆ ಮಗುವನ್ನೇ ಕರೆತನ್ನಿ. ಕಾಫಿ ಗಿಡದ ನಡುವೆ ಮರಕ್ಕೆ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದು ನನಗೆ ಸರಿ ಕಾಣುವುದಿಲ್ಲ. ಕೆಂಜಿರುವೆ, ಹಾವು, ಆನೆ, ಒಂದಲ್ಲ ಒಂದು ಭಯ. ಕಟ್ಟಲೇಬೇಕಾದರೆ ಕಣದ ಹತ್ತಿರ, ದೊಡ್ಡವರೊಬ್ಬರು ಕೂತಿರುವ ಕಡೆ ಕಟ್ಟಿ. ಹತ್ತು ವರ್ಷದ ಅಕ್ಕನ ಶಾಲೆ ಬಿಡಿಸಿ ಕೂಸನ್ನು ನೋಡಿಕೊಳ್ಳಲು ಕೂರಿಸುವುದು ಮಾತ್ರ ಬೇಡವೇ ಬೇಡ.

ಇನ್ನು ದುಡ್ಡಿನ ವಿಷಯ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಇದ್ದರೆ, ಹಾಲು ಕುಡಿಸಲು ಹೋದ ಪ್ರತಿ ಅರ್ಧ ಗಂಟೆಯೂ ಅವಳ ಚೀಲ ಹಗುರ. ಅದಕ್ಕೇ ಅವಳು "ಸಂಜೆ ಕುಡಿಸ್ತೀನಿ ಬಿಡಿ" ಅನ್ನುತ್ತಾಳೆ. ಆ ಹೊತ್ತಿಗೂ ಕೂಲಿ ಸೇರಿಸಿ ಕೊಟ್ಟರೆ ಒಂದು ತೋಟ ಮುಳುಗಿಹೋಗುವುದಿಲ್ಲ. ಜೊತೆಯ ಹೆಂಗಸರೂ ಒಂದು ಉಪಕಾರ ಮಾಡಬಹುದು. ಸಂಜೆ ತೂಕಕ್ಕೆ ಸಾಲು ನಿಂತಾಗ ಅವಳ ಚೀಲವನ್ನು ನಿಮ್ಮ ಚೀಲದ ಜೊತೆ ಇಟ್ಟುಕೊಂಡು ಅವಳನ್ನು ಮನೆಗೆ ಕಳಿಸಿ. ಅಷ್ಟೊತ್ತಿಗೆ ಅವಳ ಎದೆ ಕಲ್ಲಾಗಿರುತ್ತದೆ, ರವಿಕೆ ಒದ್ದೆಯಾಗಿರುತ್ತದೆ, ಅತ್ತ ಮಗು ಅಳುತ್ತಿರುತ್ತದೆ.

ಈಗ ಹಾಲು ಹಿಂಡಿ ಇಡುವ ಬಗ್ಗೆ. ಇದಕ್ಕೆ ಪಂಪ್ ಬೇಕಿಲ್ಲ, ಕೈ ಸಾಕು. ಮುಚ್ಚಳ ಇರುವ ಸ್ಟೀಲ್ ಡಬ್ಬಿಯನ್ನು ತೊಳೆದು, ನೀರಲ್ಲಿ ಕುದಿಸಿ ಆರಿಸಿಡಿ. ತಾಯಿ ಸೋಪು ಹಾಕಿ ಕೈ ತೊಳೆದು ಆರಾಮಾಗಿ ಕೂರಲಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳು ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರಿಸುವ ಹಾಗೆ ಅದುಮಿ, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಬಾರದು, ನೋಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ, ಅಲ್ಲೇ ತುಂಬಾ ಜನ ಕೈಬಿಡುವುದು. ಆಮೇಲೆ ಹನಿ, ಆಮೇಲೆ ಧಾರೆ. ಬೆರಳು ಇಟ್ಟ ಜಾಗ ಸುತ್ತ ಬದಲಿಸುತ್ತಾ ಎರಡೂ ಕಡೆ ಹಿಂಡಲು 20-30 ನಿಮಿಷ ಹಿಡಿಯುತ್ತದೆ. ಆ ಅರ್ಧ ಗಂಟೆ ಬೆಳಗಿನ ತಿಂಡಿಯ ಕೆಲಸ ಬೇರೆಯವರು ನೋಡಿಕೊಳ್ಳಿ, ದಯವಿಟ್ಟು. ಕೆಲಸಕ್ಕೆ ಹೋಗುವ ದಿನವೇ ಕಲಿಯಲು ಕೂರಬೇಡಿ, ಒಂದೆರಡು ವಾರ ಮೊದಲೇ ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿಸಿಕೊಳ್ಳಿ.

ತಾಯಿ ಹೊರಗಿರುವ ಪ್ರತಿ ಗಂಟೆಗೆ ಹೆಚ್ಚುಕಡಿಮೆ 30 ಎಂ.ಎಲ್. ಹಾಲು ಬೇಕಾಗುತ್ತದೆ. 25 ಡಿಗ್ರಿ ದಾಟದ ತಂಪು ಜಾಗದಲ್ಲಿ 4 ಗಂಟೆ ಇಡಬಹುದು. ಮಡಿಕೇರಿಯ ಡಿಸೆಂಬರ್ ಬೆಳಗಿಗೆ ಇದು ಸುಲಭ, ಮಾರ್ಚ್ ಮಧ್ಯಾಹ್ನಕ್ಕೆ ಅಲ್ಲ. ಹಾಗಾಗಿ ಹೀಗೆ ಮಾಡಿ: ಬೆಳಿಗ್ಗೆ 7ಕ್ಕೆ ಹಿಂಡಿದ್ದನ್ನು 11ರೊಳಗೆ ಮುಗಿಸಿ, ಮಧ್ಯಾಹ್ನ ತಾಯಿಯೇ ಕುಡಿಸಿ ಇನ್ನೊಂದಿಷ್ಟು ಹಿಂಡಿಟ್ಟು ಹೋಗಲಿ, ಅದನ್ನೂ ತಂಪು ಜಾಗದಲ್ಲಿಟ್ಟು 4 ಗಂಟೆಯೊಳಗೆ ಮುಗಿಸಿ. ಫ್ರಿಜ್ ಇದ್ದರೆ ಬಾಗಿಲಲ್ಲಿ ಇಡದೆ ಒಳಗೆ ಹಿಂದಕ್ಕೆ ಇಡಿ. ಹಾಲಿನ ಮೇಲೆ ಕೆನೆ ತೇಲಿದರೆ ಕೆಟ್ಟಿತು ಅಂತ ಚೆಲ್ಲಬೇಡಿ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಒಲೆ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ಬಾಟಲಿ ಬದಲು ಒಳಲೆಯಲ್ಲೋ (ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು) ಚಿಕ್ಕ ಲೋಟದಲ್ಲೋ, ಮಗುವನ್ನು ಕೂರಿಸಿಕೊಂಡು ಅದರ ತುಟಿಗೆ ತಾಗಿಸಿ ಕುಡಿಸಿ. ಬಾಯಿಗೆ ಸುರಿಯಬೇಡಿ. ಆರು ತಿಂಗಳವರೆಗೆ ನೀರು, ಸಕ್ಕರೆ ನೀರು, ಹಸುವಿನ ಹಾಲು ಏನೂ ಬೇಡ. ಆಮೇಲೆ ರಾಗಿ ಸರಿ, ಹಿಸುಕಿದ ಬಾಳೆಹಣ್ಣು ಶುರುಮಾಡಿ, ಎದೆಹಾಲು ಎರಡು ವರ್ಷದವರೆಗೂ, ಅದಕ್ಕಿಂತ ಜಾಸ್ತಿ ದಿನವೂ ಕೊಡಬಹುದು.

ರಾತ್ರಿ ಮಗು ತಾಯಿಯ ಪಕ್ಕದಲ್ಲೇ ಇರಲಿ. ಹಗಲು ಕಡಿಮೆ ಕುಡಿದ ಮಗು ರಾತ್ರಿ ಪದೇಪದೇ ಏಳುತ್ತದೆ, ಹಾಗೆ ರಾತ್ರಿ ಹಾಲೂಡಿಸುವುದರಿಂದ ಹಾಲೂ ಜಾಸ್ತಿಯಾಗುತ್ತದೆ. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಿ, ತೂಕ ಏರುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ.

ಮಳೆಗೆ ಮುಂಚೆ ಕಾಫಿಗೂ ಮೆಣಸಿಗೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ, ಬೇರೆ ಯಾವ ಔಷಧಿ ಹೊಡೆಯುವಾಗಲೂ, ಹಾಲೂಡಿಸುವ ತಾಯಿಯನ್ನು ಆ ಕೆಲಸಕ್ಕೆ ಹಾಕಬೇಡಿ. ಆ ಬ್ಲಾಕಿನಲ್ಲಿ ಓಡಾಡಿದ್ದರೂ ಕೈ, ಎದೆ ತೊಳೆದು, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಲಿ.

ಎದೆ ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಲು ಕೊಡುವುದನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಇನ್ನೂ ಕಟ್ಟಿಕೊಳ್ಳುತ್ತದೆ.

ಮಗುವನ್ನು ಬಿಡಲು ಜಾಗ ಬೇಕಲ್ವಾ? ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ (ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ಇದೆಯಾ ಕೇಳಿ. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಅನ್ನುವುದು ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಬಂತು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆಯೂ ಅದರಲ್ಲೇ ಬಂದದ್ದು. ಈ ರಜೆ ಸಿಗಲು ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಕೆಲಸ ಅವಳದ್ದು, ಹಾಜರಿ ಗಂಡನ ಹೆಸರಲ್ಲೋ ಮೇಸ್ತ್ರಿಯ ಲೆಕ್ಕದಲ್ಲೋ ಇದ್ದರೆ ಕೈಗೆ ಏನೂ ಬರುವುದಿಲ್ಲ. ಆದ್ದರಿಂದ ಬಸುರಿ ಅಂತ ಗೊತ್ತಾದ ತಿಂಗಳೇ ಹಾಜರಿ ಪುಸ್ತಕ ತೆಗೆಸಿ, ಅವಳ ಹೆಸರು ಬೇರೆಯಾಗಿ, ಪ್ರತಿದಿನ ಬರೆದಿದೆಯಾ ನೋಡಿ.